ಕಡಲನ್ನು ತುಂಬಿ ಕಟ್ಟಿದ ನಗರ

ಮುಂಬಯಿಯ ಹಳೆಯ ಪೇಟೆಯಲ್ಲಿ ಪಾಯಧುಣಿ ಎಂಬ ಒಂದು ಭಾಗವಿದೆ. ಸದಾ ಜನಸಂದಣಿಯಿಂದ ಕಿಕ್ಕಿರಿದ ಆ ಸ್ಥಳದಲ್ಲಿ ನಿಂತು ನೋಡಿದರೆ ಸುತ್ತಲೂ ಅಂಗಡಿಗಳು, ಗುಡಿಗಳು, ಮಸೀದಿಗಳು, ಹಳೆಯ ಚಾಳುಗಳು ಕಾಣುತ್ತವೆಯೇ ಹೊರತು ನೀರಿನ ಸುಳಿವು ಎಲ್ಲಿಯೂ ಕಾಣುವುದಿಲ್ಲ. ಆದರೆ ಮರಾಠಿಯಲ್ಲಿ ಆ ಹೆಸರಿನ ಅರ್ಥ ‘ಕಾಲು ತೊಳೆಯುವ ಸ್ಥಳ’ ಎಂದು. ಒಂದಾನೊಂದು ಕಾಲದಲ್ಲಿ ಸಮುದ್ರದ ಉಬ್ಬರದ ನೀರು ಇಲ್ಲಿಯವರೆಗೆ ಬಂದು ಹೋಗುತ್ತಿತ್ತು. ಆಚೆಯ ದ್ವೀಪದಿಂದ ಕೆಸರು ತುಳಿದುಕೊಂಡು ಬಂದವರು ಇಲ್ಲಿ ಕಾಲು ತೊಳೆದುಕೊಂಡು ಊರನ್ನು ಪ್ರವೇಶಿಸುತ್ತಿದ್ದರು. ಅಲ್ಲಿಗೆ ಸಮೀಪದಲ್ಲಿಯೇ ಉಮರಖಾಡಿ ಎಂಬ ಇನ್ನೊಂದು ಭಾಗವಿದೆ. ಖಾಡಿ ಎಂದರೆ ಕಡಲಿನ ಹಿನ್ನೀರು. ಅಲ್ಲಿಯೂ ಇಂದು ನೀರಿಲ್ಲ. ಡೋಂಗ್ರಿ ಎಂದರೆ ಗುಡ್ಡ. ಅಲ್ಲಿ ಗುಡ್ಡವೆಂದು ಗುರುತಿಸಬಹುದಾದುದು ಬಹಳ ಉಳಿದಿಲ್ಲ. ನೀರು ಹೋಯಿತು, ಗುಡ್ಡವೂ ಸವೆಯಿತು. ಹೆಸರುಗಳು ಮಾತ್ರ ಜನರ ನಾಲಗೆಯ ಮೇಲೆ ಉಳಿದುಕೊಂಡವು.

ನಗರಗಳು ಬೆಳೆಯುವಾಗ ತಮ್ಮ ನೆಲವನ್ನು ತಾವೇ ತಿದ್ದಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಜಪಾನಿನ ಇಂದಿನ ಟೋಕಿಯೋ ನಗರವು ಎಡೋ ಎಂಬ ಹೆಸರಿನಿಂದ ಬೆಳೆಯತೊಡಗಿದ 17ನೆಯ ಶತಮಾನದ ಆರಂಭದಲ್ಲಿ ಕಾಂಡಾ ಎಂಬ ಗುಡ್ಡವನ್ನು ಕಡಿದು ಹಿಬಿಯಾ ಎಂಬ ಕಡಲ ಕೊಲ್ಲಿಯನ್ನು ತುಂಬಲಾಯಿತು. ಅಮೇರಿಕದ ಬೋಸ್ಟನ್ ನಗರದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ದೂರದ ನೀಧಮ್ ಎಂಬ ಊರಿನಿಂದ ರೈಲಿನ ಮೂಲಕ ಗರಸನ್ನು ತಂದು ಸುರಿದು ವಿಶಾಲವಾದ ಜೌಗು ಪ್ರದೇಶವನ್ನು ಬಡಾವಣೆಯಾಗಿ ಮಾರ್ಪಡಿಸಿದರು. ಆದರೆ ನೀರನ್ನು ಹಿಂದಕ್ಕೆ ತಳ್ಳಿ, ಏಳು ದ್ವೀಪಗಳನ್ನು ಒಂದೇ ನೆಲವಾಗಿ ಬೆಸೆದ ಮುಂಬಯಿಯ ಕಥೆ ನಮಗೆ ಹೆಚ್ಚು ಹತ್ತಿರದ್ದು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ಅಲ್ಲದೆ ಆ ನಗರದ ನೆಲ ಬೆಳೆದುದರಲ್ಲಿ ನಮ್ಮ ಕಡೆಯ ಎರೆಹೊಲಗಳ ಬೆಳೆಗೂ ಒಂದು ಪಾಲಿದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಏಳು ದ್ವೀಪಗಳು

ಕೊಲಾಬಾ, ಸಣ್ಣ ಕೊಲಾಬಾ, ಮುಂಬಯಿ, ಮಝಗಾಂವ, ಪರೇಲ, ವರ್ಲಿ, ಮಾಹಿಮ—ಇವೇ ಆ ಏಳು ದ್ವೀಪಗಳು. ಇವುಗಳ ನಡುವೆ ಆಳವಾದ ಸಮುದ್ರವೇನೂ ಇರಲಿಲ್ಲ. ಉಬ್ಬರದ ವೇಳೆಗೆ ನೀರು ನುಗ್ಗಿ ದ್ವೀಪಗಳು ಬೇರೆಬೇರೆಯಾಗುತ್ತಿದ್ದವು. ಇಳಿತದ ವೇಳೆಗೆ ಕೆಸರಿನ ಬಯಲು ತೆರೆದುಕೊಳ್ಳುತ್ತಿತ್ತು. ಆ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆದಿದ್ದವು. ದಂಡೆಯಲ್ಲಿ ತೆಂಗು, ತಾಳೆಗಳ ತೋಪುಗಳು, ಅಲ್ಲಲ್ಲಿ ಉಪ್ಪಿನ ಆಗರಗಳು, ಭತ್ತದ ಗದ್ದೆಗಳು ಇದ್ದವು. ಮೀನುಗಾರಿಕೆಯೇ ಜೀವನವಾಗಿದ್ದ ಕೋಳಿ ಜನರು ಇಲ್ಲಿನ ಪ್ರಾಚೀನ ನಿವಾಸಿಗಳು. ಅವರ ಮುಂಬಾದೇವಿಯೇ ಊರಿಗೆ ಹೆಸರನ್ನು ಕೊಟ್ಟವಳೆಂದು ಸಾಮಾನ್ಯವಾಗಿ ನಂಬಲಾಗಿದೆ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ ಶಹನಿಂದ ಈ ದ್ವೀಪಗಳು ಪೋರ್ತುಗೀಜರ ವಶಕ್ಕೆ ಬಂದವು. 1661ರಲ್ಲಿ ಪೋರ್ತುಗಾಲದ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಕೊಟ್ಟು ವಿವಾಹ ಮಾಡುವ ಒಪ್ಪಂದವಾದಾಗ ಮುಂಬಯಿಯು ವರದಕ್ಷಿಣೆಯ ಭಾಗವಾಗಿ ಇಂಗ್ಲಿಷ್ ಅರಸೊತ್ತಿಗೆಗೆ ಸೇರಿತು. ಅರಸನಿಗೆ ಆ ಕೆಸರು ದ್ವೀಪಗಳಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. 1668ರಲ್ಲಿ ವರ್ಷಕ್ಕೆ ಕೇವಲ 10 ಪೌಂಡುಗಳ ಬಾಡಿಗೆಗೆ ಅವುಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿಬಿಟ್ಟನು. ಮುಂದೆ ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗಲಿದ್ದ ಆ ನೆಲಕ್ಕೆ ಅಂದು ಇದ್ದ ಬೆಲೆ ಇಷ್ಟೇ!

ಕಂಪನಿಗೆ ಬೇಕಾಗಿದ್ದುದು ಹಡಗುಗಳು ನಿಲ್ಲಲು ಆಳವಾದ, ಸುರಕ್ಷಿತವಾದ ಬಂದರು. ಅದು ದ್ವೀಪಗಳ ಪೂರ್ವದಂಡೆಯಲ್ಲಿ ಪ್ರಕೃತಿದತ್ತವಾಗಿಯೇ ಇತ್ತು. ಆದರೆ ಬಂದರಿನ ಹಿಂದೆ ಜನರು ನೆಲೆಸಲು ಗಟ್ಟಿಯಾದ ನೆಲವಿರಲಿಲ್ಲ. ನಡುವಿನ ತಗ್ಗು ಪ್ರದೇಶವೆಲ್ಲ ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಮುಳುಗುತ್ತಿತ್ತು. ಜ್ವರದಿಂದ ಸಾಯುವವರ ಸಂಖ್ಯೆ ಬಹಳವಾಗಿತ್ತು. ಆದ್ದರಿಂದ ನೀರನ್ನು ಹೊರಗಿಡುವುದು ಆ ಊರಿನ ಅಳಿವು-ಉಳಿವಿನ ಪ್ರಶ್ನೆಯಾಯಿತು.

ಹಾರ್ನಬಿಯ ಒಡ್ಡು

ಪಶ್ಚಿಮದ ಕಡೆಯಲ್ಲಿ ಮಹಾಲಕ್ಷ್ಮಿಯ ಗುಡ್ಡಕ್ಕೂ ವರ್ಲಿಯ ದ್ವೀಪಕ್ಕೂ ನಡುವೆ ಒಂದು ದೊಡ್ಡ ತೆರಪು ಇತ್ತು. ಅರಬ್ಬೀ ಸಮುದ್ರವು ಉಬ್ಬರದ ಕಾಲಕ್ಕೆ ಈ ತೆರಪಿನ ಮೂಲಕ ಒಳನುಗ್ಗಿ ದ್ವೀಪಗಳ ನಡುವಿನ ಬಯಲನ್ನೆಲ್ಲ ಆವರಿಸುತ್ತಿತ್ತು. ಇದನ್ನು ಮುಚ್ಚಿದರೆ ನಡುವಿನ ಸಾವಿರಾರು ಎಕರೆ ಭೂಮಿ ಒಣಗುವುದೆಂಬುದು ಸ್ಪಷ್ಟವಾಗಿತ್ತು. 1771ರಿಂದ 1784ರವರೆಗೆ ಮುಂಬಯಿಯ ಗವರ್ನರನಾಗಿದ್ದ ವಿಲಿಯಂ ಹಾರ್ನಬಿಯ ಹೆಸರು ಈ ಕೆಲಸದೊಡನೆ ಶಾಶ್ವತವಾಗಿ ಸೇರಿಕೊಂಡಿದೆ. ಲಂಡನ್ನಿನ ನಿರ್ದೇಶಕರು ಖರ್ಚಿಗೆ ಒಪ್ಪದಿದ್ದರೂ ಅವನು ಕೆಲಸವನ್ನು ಆರಂಭಿಸಿಯೇಬಿಟ್ಟನೆಂದು ರೂಢಿಯ ಕಥನ ಹೇಳುತ್ತದೆ. ‘ಹಾರ್ನಬಿ ವೆಲಾರ್ಡ್’ ಎಂದು ಪ್ರಸಿದ್ಧವಾದ ಈ ಒಡ್ಡು 1780ರ ದಶಕದಲ್ಲಿ ಪೂರ್ಣಗೊಂಡಿತು. ವೆಲಾರ್ಡ್ ಎಂಬುದು ಬೇಲಿ ಅಥವಾ ಒಡ್ಡು ಎಂಬ ಅರ್ಥದ ಪೋರ್ತುಗೀಜ ಶಬ್ದದಿಂದ ಬಂದುದು.

ಈ ಒಡ್ಡಿನ ಬಗೆಗೆ ಜನರಲ್ಲಿ ಒಂದು ಐತಿಹ್ಯವೂ ಪ್ರಚಲಿತವಾಗಿದೆ. ಹಗಲೆಲ್ಲ ಕಟ್ಟಿದ ಗೋಡೆಯು ಮತ್ತೆ ಮತ್ತೆ ಕುಸಿದುಬೀಳುತ್ತಿತ್ತಂತೆ. ಕೆಲಸದ ಹೊಣೆಯನ್ನು ಹೊತ್ತಿದ್ದ ರಾಮಜಿ ಶಿವಜಿ ಎಂಬವನ ಕನಸಿನಲ್ಲಿ ದೇವಿಯು ಕಾಣಿಸಿಕೊಂಡು, ಸಮುದ್ರದ ತಳದಲ್ಲಿರುವ ತನ್ನ ಮೂರ್ತಿಯನ್ನು ಮೇಲೆತ್ತಬೇಕೆಂದು ತಿಳಿಸಿದಳಂತೆ. ಹಾಗೆ ಮಾಡಿದ ಬಳಿಕ ಒಡ್ಡು ನಿಂತಿತು. ಮಹಾಲಕ್ಷ್ಮಿಯ ಗುಡಿಯೂ ಎದ್ದಿತು. ಇದನ್ನು ಇತಿಹಾಸವೆಂದು ಭಾವಿಸಬೇಕಾಗಿಲ್ಲ. ಆದರೆ ಸಮುದ್ರವು ಸುಲಭವಾಗಿ ಹಿಂದೆ ಸರಿಯಲಿಲ್ಲ ಎಂಬ ಜನಸ್ಮೃತಿ ಆ ಕಥೆಯಲ್ಲಿ ಅಡಗಿದೆ.

ಒಡ್ಡು ನಿಂತ ನಂತರ ನಡುವಿನ ತಗ್ಗು ಬಯಲು ಕ್ರಮೇಣ ಒಣಗತೊಡಗಿತು. ಹೀಗೆ ಒಣಗಿದ ನೆಲದಲ್ಲಿ ಹೊಸ ವಸತಿಗಳು ಎದ್ದವು. ಅವುಗಳಲ್ಲಿ ಒಂದಾದ ಕಾಮಾಠಿಪುರಕ್ಕೆ ಆ ಹೆಸರು ಬಂದುದು ತೆಲುಗು ನಾಡಿನಿಂದ ಬಂದು ನೆಲೆಸಿದ ಕಾಮಾಠಿ ಕೂಲಿಕಾರರಿಂದ. ಊರಿನ ರಸ್ತೆ, ಕಟ್ಟಡಗಳಿಗಾಗಿ ಮಣ್ಣು, ಕಲ್ಲು ಹೊತ್ತವರು ಇಂತಹವರೇ. ಮಹಾಲಕ್ಷ್ಮಿಯ ಕುದುರೆ ಪಂದ್ಯದ ಮೈದಾನವೂ ಇದೇ ತಗ್ಗು ಬಯಲಿನ ಭಾಗ. ಹಾರ್ನಬಿಯ ಒಡ್ಡಿನ ಗುಂಟ ಸಾಗುವ ಇಂದಿನ ರಸ್ತೆಗೆ ಲಾಲಾ ಲಜಪತರಾಯರ ಹೆಸರಿದೆ. ಹಾಜಿ ಅಲಿ ದರ್ಗಾದ ಮುಂದೆ ಹಾದುಹೋಗುವ ಆ ರಸ್ತೆಯ ಪ್ರಯಾಣಿಕರಲ್ಲಿ ಎಷ್ಟು ಜನರಿಗೆ ತಾವು ಕಡಲಿನ ಬಾಗಿಲ ಮೇಲೆ ಸಾಗುತ್ತಿದ್ದೇವೆಂಬ ಅರಿವಿದ್ದೀತು?

ದ್ವೀಪದಿಂದ ದ್ವೀಪಕ್ಕೆ

ಒಂದು ತೆರಪು ಮುಚ್ಚಿದ ಬಳಿಕ ಉಳಿದವುಗಳ ಸರದಿ ಬಂದಿತು. 1803ರಲ್ಲಿ ಕೋಟೆಯೊಳಗಿನ ಊರಿಗೆ ಭೀಕರವಾದ ಬೆಂಕಿ ಬಿದ್ದಾಗ ನಿರ್ವಸಿತರಾದ ಅನೇಕರು ಕೋಟೆಯ ಹೊರಗಿನ ಹೊಸ ನೆಲಕ್ಕೆ ಬಂದು ನೆಲೆಸಬೇಕಾಯಿತು. ಅದೇ ಕಾಲದಲ್ಲಿ ಗವರ್ನರ್ ಜೋನಾಥನ್ ಡಂಕನ್ನನು ಶೀವ (ಸಾಯನ್) ಎಂಬಲ್ಲಿ ಒಂದು ಸೇತುಮಾರ್ಗವನ್ನು ಕಟ್ಟಿಸಿ ಮುಂಬಯಿಯನ್ನು ಉತ್ತರದ ಸಾಷ್ಟಿ ದ್ವೀಪದೊಡನೆ ಜೋಡಿಸಿದನು. 1838ರಲ್ಲಿ ಕೊಲಾಬಾದ ಸೇತುಮಾರ್ಗ ಪೂರ್ಣಗೊಂಡು ದಕ್ಷಿಣದ ಎರಡು ದ್ವೀಪಗಳು ಸೇರಿಕೊಂಡವು.

1845ರಲ್ಲಿ ಉದ್ಘಾಟನೆಗೊಂಡ ಮಾಹಿಮದ ಸೇತುಮಾರ್ಗದ ಕಥೆ ವಿಶೇಷವಾದುದು. ಮಾಹಿಮ ಮತ್ತು ವಾಂದ್ರೆಗಳ ನಡುವಿನ ಖಾಡಿಯನ್ನು ಜನರು ದೋಣಿಗಳಲ್ಲಿ ದಾಟಬೇಕಾಗಿತ್ತು. ಸರಕಾರವು ಹಣದ ಅಭಾವವನ್ನು ಮುಂದೊಡ್ಡಿದಾಗ ಪ್ರಸಿದ್ಧ ಪಾರಸಿ ವರ್ತಕರಾದ ಜಮಶೇಟಜಿ ಜೀಜೀಭಾಯಿಯವರ ಧರ್ಮಪತ್ನಿ ಅವಾಬಾಯಿಯವರು ಈ ಕಾರ್ಯಕ್ಕೆ ಸುಮಾರು 1 ಲಕ್ಷ 57 ಸಾವಿರ ರೂಪಾಯಿಗಳನ್ನು ನೀಡಿದರು. ದಾಟುವ ಬಡಜನರಿಂದ ಸುಂಕ ಪಡೆಯಬಾರದೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಕಾಲದಲ್ಲಿ ಒಬ್ಬ ಗೃಹಿಣಿಯ ದಾನದಿಂದ ಎರಡು ದ್ವೀಪಗಳು ಒಂದಾದವೆಂಬುದು ಸ್ಮರಣೀಯ.

1853ರ ಎಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಯವರೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದಾಗ ಅದರ ಹಳಿಗಳು ತಗ್ಗು ಭೂಮಿಯ ಮೇಲೆ ಹಾಕಿದ ಮಣ್ಣಿನ ಏರಿಗಳ ಮೇಲೆ ಸಾಗಿದವು. ಹೀಗೆ ಒಂದೊಂದು ಒಡ್ಡು, ಒಂದೊಂದು ಏರಿ ಬೆಳೆದಂತೆಲ್ಲ ನೀರು ಹರಿಯುವ ದಾರಿಗಳು ಒಂದೊಂದಾಗಿ ಕಡಿಮೆಯಾದವು. ಅಂದಿನವರಿಗೆ ಅದು ನಷ್ಟವಾಗಿ ಕಾಣಲಿಲ್ಲ. ನೆಲ ದೊರೆಯಿತೆಂಬ ಸಂತೋಷವೇ ಎಲ್ಲರಲ್ಲಿಯೂ ತುಂಬಿತ್ತು.

ನಮ್ಮ ಹತ್ತಿ, ಮುಂಬಯಿಯ ನೆಲ

ಇಲ್ಲಿಯವರೆಗೆ ನೆಲವನ್ನು ತುಂಬಿದ್ದು ವಸತಿ ಮತ್ತು ಸಂಚಾರದ ಅವಶ್ಯಕತೆಗಾಗಿ. 1860ರ ದಶಕದಲ್ಲಿ ಅದು ಲಾಭದ ಉದ್ಯೋಗವಾಯಿತು. ಇದಕ್ಕೆ ಕಾರಣವು ಸಾವಿರಾರು ಮೈಲಿ ದೂರದ ಅಮೇರಿಕದಲ್ಲಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ ಉತ್ತರದವರ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುತ್ತಿತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬರುತ್ತಿದ್ದ ಅಮೇರಿಕದ ಹತ್ತಿ ನಿಂತುಹೋಯಿತು. ಗಿರಣಿ ಮಾಲೀಕರ ಕಣ್ಣು ಭಾರತದ ಕಡೆಗೆ ಹೊರಳಿತು.

ಆಗ ಬೇಡಿಕೆ ಬಂದ ಹತ್ತಿಯಲ್ಲಿ ನಮ್ಮ ಧಾರವಾಡ ಸೀಮೆಯದೂ ಸೇರಿತ್ತು. 1840ರ ದಶಕದಲ್ಲಿಯೇ ಧಾರವಾಡದ ಕಲೆಕ್ಟರನಾಗಿದ್ದ ಷಾ ಎಂಬವನು ಅಮೇರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಇಲ್ಲಿನ ರೈತರಲ್ಲಿ ಪ್ರಚಾರಕ್ಕೆ ತಂದಿದ್ದನು. ಅದು ‘ಧಾರವಾಡ-ಅಮೇರಿಕನ್’ ಎಂದು ಹೆಸರಾಯಿತು. ಅದರೊಡನೆ ನಮ್ಮ ನಾಡಹತ್ತಿಯೂ ಮಾರುಕಟ್ಟೆಗೆ ಹೋಗುತ್ತಿತ್ತು. ಎರೆಹೊಲಗಳಲ್ಲಿ ಬೆಳೆದ ಹತ್ತಿಯು ಎತ್ತುಗಳ ಬೆನ್ನಿನ ಮೇಲೆಯೂ ಬಂಡಿಗಳಲ್ಲಿಯೂ ಸಹ್ಯಾದ್ರಿಯ ಘಟ್ಟಗಳನ್ನು ಇಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಯನ್ನು ಮುಟ್ಟುತ್ತಿತ್ತು. ಧಾರವಾಡದ ಎರೆಯಲ್ಲಿ ಬೆಳೆದ ನಾಡಹತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತುಬಿಟ್ಟಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ, ಕಾರವಾರ ಬಂದರಿನ ಅಭಿವೃದ್ಧಿಯ ಹಿಂದೆಯೂ ಹತ್ತಿಯ ವ್ಯಾಪಾರವಿತ್ತು.

ಹತ್ತಿಯ ಬೆಲೆ ಏರಿದಂತೆ ಮುಂಬಯಿಯ ವರ್ತಕರ ತಿಜೋರಿಗಳು ತುಂಬಿದವು. ಆ ಹಣವನ್ನು ಎಲ್ಲಿ ತೊಡಗಿಸುವುದು? ಸಮುದ್ರವನ್ನು ತುಂಬಿ ನೆಲ ಮಾಡಿ ಮಾರುವ ಕಂಪನಿಗಳು ಹುಟ್ಟಿಕೊಂಡವು. ಪೂರ್ವದಂಡೆಯಲ್ಲಿ ಎಲ್ಫಿನ್‌ಸ್ಟನ್ ಕಂಪನಿಯು ಕೆಲಸ ನಡೆಸಿದರೆ, ಪಶ್ಚಿಮದ ಕೊಲ್ಲಿಯನ್ನು ತುಂಬಲು ಬ್ಯಾಕ್‌ಬೇ ಕಂಪನಿಯು ಸ್ಥಾಪಿತವಾಯಿತು. ಇನ್ನೂ ಸಮುದ್ರದೊಳಗೇ ಇದ್ದ ನೆಲದ ಶೇರುಗಳು ಮೂಲ ಬೆಲೆಯ ಹಲವು ಪಟ್ಟಿಗೆ ಮಾರಾಟವಾಗತೊಡಗಿದವು. ಪ್ರೇಮಚಂದ ರಾಯಚಂದರು ಈ ಶೇರುಪೇಟೆಯ ಪ್ರಮುಖ ಪುರುಷರಾಗಿದ್ದರು. ದೊಡ್ಡ ವರ್ತಕನಿಂದ ಹಿಡಿದು ಸಣ್ಣ ಗುಮಾಸ್ತನವರೆಗೆ ಎಲ್ಲರೂ ಈ ಜ್ವರಕ್ಕೆ ಒಳಗಾದರು.

1865ರ ಎಪ್ರಿಲ್ ತಿಂಗಳಿನಲ್ಲಿ ಅಮೇರಿಕದ ಯುದ್ಧ ಮುಗಿಯುವ ಸುದ್ದಿ ಬಂದಿತು. ಹತ್ತಿಯ ಬೆಲೆ ಕುಸಿಯಿತು. ಅದರ ಹಿಂದೆಯೇ ಶೇರುಗಳೂ ಕುಸಿದವು. ಅನೇಕ ಮನೆತನಗಳು ದಿವಾಳಿಯೆದ್ದವು. ಬ್ಯಾಂಕ್ ಆಫ್ ಬಾಂಬೆಯನ್ನೇ 1868ರಲ್ಲಿ ಮುಚ್ಚಬೇಕಾಯಿತು. ಕೊಲ್ಲಿಯನ್ನು ತುಂಬುವ ಮಹಾಯೋಜನೆಯಲ್ಲಿ ಕೊನೆಗೆ ಉಳಿದುದು ದಂಡೆಯ ಗುಂಟ ಒಂದು ಕಿರಿದಾದ ಪಟ್ಟಿ ಮಾತ್ರ. ಅದರ ಮೇಲೆ ಕೊಲಾಬಾ ಕಡೆಗಿನ ರೈಲುಮಾರ್ಗ ಹಾದುಹೋಯಿತು. ನೆಲವೇ ಇಲ್ಲದ ಕಡೆ ನೆಲದ ಬೆಲೆ ಕಟ್ಟಿದುದರ ಫಲ ಇದಾಗಿತ್ತು.

ಆದರೂ ಆ ಕಾಲದ ಹಣದಿಂದ ನಗರದ ರೂಪ ಬದಲಾದುದು ನಿಜ. ಗವರ್ನರ್ ಬಾರ್ಟಲ್ ಫ್ರಿಯರನ ಆಳ್ವಿಕೆಯಲ್ಲಿ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿ ಕಂದಕವನ್ನು ತುಂಬಿಸಲಾಯಿತು. ಕೋಟೆಯ ಚರ್ಚ್‌ಗೇಟ್ ದ್ವಾರವಿದ್ದ ಸ್ಥಳದಲ್ಲಿ 1864ರಲ್ಲಿ ಫ್ಲೋರಾ ಕಾರಂಜಿ ನಿಂತಿತು. ಪ್ರೇಮಚಂದರು ತಮ್ಮ ತಾಯಿಯ ಹೆಸರಿನಲ್ಲಿ ನೀಡಿದ ದಾನದಿಂದ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವು 1878ರಲ್ಲಿ ಪೂರ್ಣವಾಯಿತು.

ಅಗೆದ ಮಣ್ಣು, ತುಂಬಿದ ದಂಡೆ

1873ರಲ್ಲಿ ಮುಂಬಯಿ ಪೋರ್ಟ್ ಟ್ರಸ್ಟ್ ಸ್ಥಾಪನೆಯಾದ ಮೇಲೆ ಪೂರ್ವದಂಡೆಯ ಕೆಲಸವು ವ್ಯವಸ್ಥಿತವಾಗಿ ನಡೆಯಿತು. ಹಡಗುಗಳಿಗಾಗಿ 1880ರಲ್ಲಿ ಪ್ರಿನ್ಸೆಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್‌ಗಳು ತೆರೆದವು. ಅಲೆಕ್ಸಾಂಡ್ರಾ ಡಾಕಿಗಾಗಿ ಅಗೆದ ಮಣ್ಣು-ಕಲ್ಲುಗಳಿಂದ ಸಮೀಪದ ದಂಡೆಯನ್ನು ತುಂಬಿ ಸುಮಾರು 22 ಎಕರೆಗಳಷ್ಟು ಹೊಸ ನೆಲವನ್ನು ಮಾಡಲಾಯಿತು. ಇಂದಿಗೂ ತನ್ನ ಒಂದೇ ಬಗೆಯ ಗಂಭೀರ ಕಟ್ಟಡಗಳಿಂದ ಕಣ್ಣು ಸೆಳೆಯುವ ಬಲಾರ್ಡ್ ಎಸ್ಟೇಟ್ ಅದೇ ನೆಲದ ಮೇಲಿದೆ. ಒಂದು ಕಡೆ ಅಗೆದುದು ಇನ್ನೊಂದು ಕಡೆಗೆ ನೆಲವಾಯಿತು.

ಪ್ರಿನ್ಸೆಸ್ ಡಾಕನ್ನು ಅಗೆಯುವಾಗ ಒಂದು ಆಶ್ಚರ್ಯಕರ ಸಂಗತಿ ಬೆಳಕಿಗೆ ಬಂದಿತು. ಸಮುದ್ರದ ಕೆಸರಿನ ಕೆಳಗೆ ಖೈರ ಮರಗಳ ಬುಡಗಳು ನಿಂತ ನಿಲುವಿನಲ್ಲಿಯೇ ಕಂಡುಬಂದವು. ಎಂದೋ ಒಂದು ಕಾಲದಲ್ಲಿ ಅಲ್ಲಿ ಅರಣ್ಯವಿತ್ತು. ನೆಲ ಕುಸಿದೋ ನೀರು ಏರಿಯೋ ಅದು ಮುಳುಗಿತ್ತು. ನೆಲ-ನೀರಿನ ಗಡಿ ಶಾಶ್ವತವಾದುದಲ್ಲವೆಂದು ಭೂಮಿಯೇ ಸಾಕ್ಷಿ ನುಡಿದಂತಾಯಿತು.

1896ರಲ್ಲಿ ಪ್ಲೇಗು ಬಂದೆರಗಿದಾಗ ಇಕ್ಕಟ್ಟಾದ, ಗಾಳಿ-ಬೆಳಕಿಲ್ಲದ ವಸತಿಗಳ ದುಸ್ಥಿತಿ ಎಲ್ಲರ ಕಣ್ಣಿಗೆ ಬಿದ್ದಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ರಚನೆಯಾಗಿ, ಹಳೆಯ ಪೇಟೆಯಲ್ಲಿ ಅಗಲವಾದ ರಸ್ತೆಗಳನ್ನು ತೆರೆಯಿತು. ಉತ್ತರದ ದಾದರ, ಮಾಟುಂಗಾಗಳ ಗದ್ದೆ-ತಗ್ಗುಗಳನ್ನು ಸಮತಟ್ಟು ಮಾಡಿ ಬಡಾವಣೆಗಳನ್ನು ರಚಿಸಿತು. ಮುಂದೆ ಉದ್ಯೋಗವನ್ನರಸಿ ಹೋದ ಅನೇಕ ಕನ್ನಡ ಕುಟುಂಬಗಳಿಗೆ ಮಾಟುಂಗಾ ನೆಲೆಯಾಯಿತು.

ನರೀಮನ್ನರ ಹೋರಾಟ

ಪಶ್ಚಿಮದ ಕೊಲ್ಲಿಯನ್ನು ತುಂಬುವ ಕನಸು 1865ರ ಪೆಟ್ಟಿನಿಂದ ಸತ್ತಿರಲಿಲ್ಲ. ಮೊದಲ ಮಹಾಯುದ್ಧದ ನಂತರ ಗವರ್ನರ್ ಜಾರ್ಜ್ ಲಾಯ್ಡನ ಕಾಲದಲ್ಲಿ ಅದು ಮತ್ತೆ ತಲೆಯೆತ್ತಿತು. 1,145 ಎಕರೆ ನೆಲವನ್ನು ಸಮುದ್ರದಿಂದ ಪಡೆಯುವುದೆಂದು ಯೋಜನೆ ಹಾಕಲಾಯಿತು. ಕಡಲಿನ ಗೋಡೆಗೆ ಕಾಂದಿವಲಿಯ ಗುಡ್ಡದಿಂದ ಕಲ್ಲು ಬಂದಿತು. ಬಂದರಿನ ತಳದ ಕೆಸರನ್ನು ಯಂತ್ರಗಳಿಂದ ಎತ್ತಿ ಕೊಳವೆಗಳ ಮೂಲಕ ಗೋಡೆಯ ಒಳಗೆ ಸುರಿಯತೊಡಗಿದರು. ಆದರೆ ಸುರಿದ ಕೆಸರು ಗೋಡೆಯ ಸಂದುಗಳಿಂದ ಸೋರಿ ಮತ್ತೆ ಸಮುದ್ರವನ್ನೇ ಸೇರುತ್ತಿತ್ತು. ಖರ್ಚು ಏರುತ್ತಲೇ ಹೋಯಿತು. ನೆಲ ಮಾತ್ರ ಏರಲಿಲ್ಲ.

ಆಗ ಕಾಂಗ್ರೆಸ್ಸಿನ ಮುಂದಾಳುವೂ ನ್ಯಾಯವಾದಿಯೂ ಆಗಿದ್ದ ಖುರ್ಶೇದ್ ಫ್ರಾಮಜಿ ನರೀಮನ್ನರು ಈ ಯೋಜನೆಯ ಅವ್ಯವಹಾರ ಮತ್ತು ಅಪವ್ಯಯಗಳನ್ನು ಬಹಿರಂಗಪಡಿಸಿದರು. ಹಾರ್ವೆ ಎಂಬ ಅಧಿಕಾರಿಯು ಅವರ ಮೇಲೆ ಮಾನನಷ್ಟದ ಮೊಕದ್ದಮೆಯನ್ನು ಹೂಡಿದನು. ನರೀಮನ್ನರು ಅದರಿಂದ ಮುಕ್ತರಾಗಿ ಹೊರಬಂದರು. 1926ರಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಕೊನೆಗೆ ಯೋಜನೆಯನ್ನು ಮೊಟಕುಗೊಳಿಸಿ ಸುಮಾರು 440 ಎಕರೆಗಳಿಗೆ ನಿಲ್ಲಿಸಬೇಕಾಯಿತು. ಜನರು ಇದನ್ನು ‘ಲಾಯ್ಡನ ಹುಚ್ಚು’ ಎಂದೇ ಕರೆದರು.

ಹೀಗೆ ಹುಟ್ಟಿದ ನೆಲದ ಮೇಲೆಯೇ ಮರೀನ್ ಡ್ರೈವ್ ಎಂಬ ಪ್ರಸಿದ್ಧ ರಸ್ತೆಯೂ ಅದರ ಗುಂಟ 1930ರ ದಶಕದ ಬಳಿಕ ಎದ್ದ ಸುಂದರವಾದ ಮನೆಗಳ ಸಾಲೂ ನಿಂತಿವೆ. ಮುಂಬಯಿಯ ಆರ್ಟ್ ಡೆಕೋ ಶೈಲಿಯ ಕಟ್ಟಡಗಳನ್ನು ಅದರ ಹಳೆಯ ವಿಕ್ಟೋರಿಯನ್ ಕಟ್ಟಡಗಳೊಡನೆ 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಸ್ವಾತಂತ್ರ್ಯಾನಂತರ, ಮುಖ್ಯವಾಗಿ 1960-70ರ ದಶಕಗಳಲ್ಲಿ, ಕೊಲ್ಲಿಯ ಇನ್ನಷ್ಟು ಭಾಗವನ್ನು ತುಂಬಿ ಬಹುಮಹಡಿ ಕಚೇರಿಗಳನ್ನು ಕಟ್ಟಲಾಯಿತು. ಆ ನೆಲಕ್ಕೆ ಇಟ್ಟ ಹೆಸರು ನರೀಮನ್ ಪಾಯಿಂಟ್! ಸಮುದ್ರ ತುಂಬುವ ಅವ್ಯವಹಾರದ ವಿರುದ್ಧ ಹೋರಾಡಿದ ಮಹನೀಯರ ಹೆಸರೇ ಸಮುದ್ರ ತುಂಬಿ ಪಡೆದ ನೆಲಕ್ಕೆ ಬಂದುದು ಇತಿಹಾಸದ ಒಂದು ವಿಡಂಬನೆ.

ನೀರಿನ ನೆನಪು

ಇಷ್ಟೆಲ್ಲ ಸಾಧನೆಯ ಬಳಿಕ ನೀರು ಸೋತು ಹಿಂದೆ ಸರಿಯಿತೆ? ಇಲ್ಲ. ಪ್ರತಿ ಮಳೆಗಾಲದಲ್ಲಿ ಅದು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. ತುಂಬಿ ಮಾಡಿದ ಅನೇಕ ಭಾಗಗಳು ಉಬ್ಬರದ ಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ಮಳೆನೀರಿನ ಹಳೆಯ ಗಟಾರಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ ತಕ್ಕಂತೆ ಕಟ್ಟಲಾಗಿತ್ತು. ಅವುಗಳ ಬಾಯಿಗಳಲ್ಲಿ ಹೆಚ್ಚಿನವು ಉಬ್ಬರದ ವೇಳೆಗೆ ಸಮುದ್ರದ ನೀರಿನ ಕೆಳಗಿರುತ್ತವೆ. ಜೋರಾದ ಮಳೆಯೂ ಉಬ್ಬರವೂ ಏಕಕಾಲಕ್ಕೆ ಬಂದರೆ ಊರೊಳಗಿನ ನೀರು ಹೊರಗೆ ಹೋಗಲಾರದು. ಪರೇಲ-ದಾದರಗಳ ನಡುವಿನ ಹಿಂದಮಾತಾದಂತಹ ತಗ್ಗುಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಇದೇ ಕಾರಣದಿಂದ.

2005ರ ಜುಲೈ 26ರಂದು ಏನಾಯಿತೆಂಬುದು ಅನೇಕರ ನೆನಪಿನಲ್ಲಿದೆ. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ದಕ್ಷಿಣದ ಕೊಲಾಬಾದಲ್ಲಿ ಅದೇ ಅವಧಿಯಲ್ಲಿ ಬಿದ್ದುದು ಸುಮಾರು 73 ಮಿಲಿಮೀಟರ್ ಮಾತ್ರ. ನಗರದಲ್ಲಿ ನಾನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ವಿಹಾರ, ಪವಯಿ ಕೆರೆಗಳ ಕೋಡಿಯ ನೀರನ್ನು ಹೊತ್ತು ಮಾಹಿಮದ ಖಾಡಿಯನ್ನು ಸೇರುವ ಮಿಠಿ ಎಂಬ ಸುಮಾರು 18 ಕಿಲೋಮೀಟರಿನ ಸಣ್ಣ ನದಿಯು ಅಂದು ಉಕ್ಕಿ ಹರಿಯಿತು. ವಿಮಾನ ನಿಲ್ದಾಣಕ್ಕಾಗಿ ಆ ನದಿಯ ದಾರಿಯನ್ನು ತಿರುಗಿಸಲಾಗಿತ್ತು. ಅದರ ಮುಖದ ಬಳಿಯ ಕಾಂಡ್ಲಾ ಜೌಗನ್ನು ತುಂಬಿ ವಾಂದ್ರೆ-ಕುರ್ಲಾ ಎಂಬ ಕಚೇರಿಗಳ ಪ್ರದೇಶವನ್ನು ನಿರ್ಮಿಸಲಾಗಿತ್ತು. ಉಳಿದ ದಂಡೆಯ ಮೇಲೆ ಬಡವರ ಗುಡಿಸಲುಗಳೂ ಕಾರಖಾನೆಗಳೂ ಎದ್ದಿದ್ದವು. ನದಿಗೆ ಹರಿಯಲು ಅಂಗಳವೇ ಉಳಿದಿರಲಿಲ್ಲ.

ಆ ದುರಂತದ ನಂತರ ಗಂಟೆಗೆ 50 ಮಿಲಿಮೀಟರ್ ಮಳೆಯನ್ನು ತಾಳುವಂತೆ ಗಟಾರಗಳನ್ನು ವಿಸ್ತರಿಸುವ ಕೆಲಸಕ್ಕೆ ವೇಗ ಬಂದಿತು. ಹಾಜಿ ಅಲಿ, ವರ್ಲಿಯ ಲವ್‌ಗ್ರೋವ್ ಮೊದಲಾದ ಕಡೆಗಳಲ್ಲಿ ದೈತ್ಯಾಕಾರದ ಪಂಪುಗಳನ್ನು ಅಳವಡಿಸಲಾಯಿತು. ಹಿಂದಮಾತಾದ ನೀರನ್ನು ಹಿಡಿದಿಡಲು ಸಮೀಪದ ಮೈದಾನಗಳ ಕೆಳಗೆ ದೊಡ್ಡ ತೊಟ್ಟಿಗಳನ್ನು ಕಟ್ಟಲಾಯಿತು. ಒಂದು ಸಂಗತಿಯನ್ನು ವಾಚಕರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹಾಜಿ ಅಲಿ ಮತ್ತು ವರ್ಲಿಗಳು ಹಾರ್ನಬಿಯು ಮುಚ್ಚಿದ ತೆರಪಿನ ದಂಡೆಗಳೇ. ಅಂದು ಸಮುದ್ರದ ನೀರು ಒಳಬರದಂತೆ ಬಾಗಿಲನ್ನು ಹಾಕಿದ ಸ್ಥಳದಲ್ಲಿಯೇ ಇಂದು ಊರಿನ ನೀರನ್ನು ಹೊರಹಾಕಲು ಯಂತ್ರಗಳು ದುಡಿಯುತ್ತಿವೆ. ಎರಡು ಶತಮಾನಗಳ ಹಿಂದೆ ಪಡೆದ ನೆಲದ ಬಡ್ಡಿಯನ್ನು ನಗರವು ಪ್ರತಿ ಮಳೆಗಾಲದಲ್ಲಿ ಕಟ್ಟುತ್ತಲೇ ಇದೆ.

ಈ ಬಡ್ಡಿಯ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಹೊಸ ನೆಲದ ಲಾಭ ಹಣವಂತರಿಗೆ ದೊರೆತರೆ, ನೀರು ಏರಿದಾಗ ಮೊದಲು ಮುಳುಗುವುದು ತಗ್ಗಿನಲ್ಲಿ, ನದಿಯ ದಂಡೆಯಲ್ಲಿ ನೆಲೆಸಿದ ಬಡವರ ಮನೆ. ದ್ವೀಪಗಳ ಮೂಲನಿವಾಸಿಗಳಾದ ಕೋಳಿ ಮೀನುಗಾರರ ಪಾಡು ಇನ್ನೊಂದು ಬಗೆಯದು. 2024ರ ಮಾರ್ಚಿನಲ್ಲಿ ಮೊದಲ ಭಾಗ ತೆರೆದ, ಮರೀನ್ ಡ್ರೈವ್‌ನಿಂದ ವರ್ಲಿಯವರೆಗಿನ ಸುಮಾರು ಹತ್ತೂವರೆ ಕಿಲೋಮೀಟರಿನ ಕರಾವಳಿ ರಸ್ತೆಗಾಗಿ ಮತ್ತೆ ಸಮುದ್ರವನ್ನು ತುಂಬಲಾಯಿತು. ಸೇತುವೆಯ ಕಂಬಗಳ ನಡುವೆ 60 ಮೀಟರ್ ಅಂತರ ಮಾತ್ರವಿದ್ದರೆ ತಮ್ಮ ದೋಣಿಗಳು ಸುರಕ್ಷಿತವಾಗಿ ಹೋಗಿಬರಲಾರವೆಂದು ವರ್ಲಿಯ ಮೀನುಗಾರರು ಬಹುಕಾಲ ಪ್ರತಿಭಟಿಸಿದರು. ಕೊನೆಗೆ ಒಂದು ಕಡೆಯಲ್ಲಿ ಆ ಅಂತರವನ್ನು 120 ಮೀಟರಿಗೆ ಹೆಚ್ಚಿಸಲು ಒಪ್ಪಲಾಯಿತು. ಕಡಲಿನ ಮಗನಿಗೆ ಕಡಲಿಗೆ ಹೋಗುವ ದಾರಿಯನ್ನು ಬೇಡಿ ಪಡೆಯುವ ಪರಿಸ್ಥಿತಿ ಬಂದಿತೆಂಬುದು ಚಿಂತಿಸಬೇಕಾದ ವಿಷಯ.

ನಮ್ಮ ಊರುಗಳಿಗೆ ಪಾಠ

ಇದು ಕಡಲ ತೀರದ ನಗರದ ಕಥೆ, ನಮಗೇನು ಎಂದು ಭಾವಿಸಬಾರದು. ಮುಂಬಯಿಯು ಸಮುದ್ರವನ್ನು ತುಂಬಿದರೆ ಬೆಂಗಳೂರು ಕೆರೆಗಳನ್ನು ತುಂಬಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳು ಒತ್ತುವರಿಗೆ ಸಿಲುಕಿದವು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಕೋಟಿ ಬೆಲೆಯ ಮನೆಗಳೊಳಗೆ ನೀರು ನುಗ್ಗಿ, ಜನರನ್ನು ದೋಣಿ-ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾದುದನ್ನು ನಾಡೆಲ್ಲ ಕಂಡಿತು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಊರಿಗೂ ನೀರು ತನ್ನ ದಾರಿಯನ್ನು ಕೇಳಿಕೊಂಡು ಬಂದಿತು.

ನೆಲವನ್ನು ತಿದ್ದುವುದೇ ತಪ್ಪೆಂದು ಇದರ ಅರ್ಥವಲ್ಲ. ಹಾರ್ನಬಿಯ ಒಡ್ಡು, ಅವಾಬಾಯಿಯವರ ಸೇತುಮಾರ್ಗಗಳಿಲ್ಲದೆ ಮುಂಬಯಿ ಇರುತ್ತಿರಲಿಲ್ಲ. ಲಕ್ಷಾಂತರ ಜನರಿಗೆ ಅನ್ನ ನೀಡಿದ ಆ ನಗರಕ್ಕೆ ನಾವೂ ಋಣಿಗಳು. ಆದರೆ ಜನರ ಅವಶ್ಯಕತೆಗಾಗಿ ನೆಲ ಮಾಡುವುದು ಬೇರೆ, ಬೆಲೆಯ ಆಸೆಗಾಗಿ ನೀರಿನ ಪ್ರತಿಯೊಂದು ದಾರಿಯನ್ನೂ ಮುಚ್ಚುವುದು ಬೇರೆ. ನೀರಿನಿಂದ ಪಡೆದುದು ದಾನವಲ್ಲ, ಕೈಗಡ. ಅದಕ್ಕೆ ಬದಲಾಗಿ ನೀರು ಹರಿಯಲೊಂದು ದಾರಿಯನ್ನೂ, ನಿಲ್ಲಲೊಂದು ಎಡೆಯನ್ನೂ ಬಿಟ್ಟುಕೊಡಲೇಬೇಕು.

ಹಿರಿಯರು ಊರು ಕಟ್ಟುವಾಗ ಹಳ್ಳ, ಕೆರೆ, ತಗ್ಗು, ದಿನ್ನೆಗಳಿಗೆ ಒಂದೊಂದು ಹೆಸರಿಟ್ಟುದು ಸುಮ್ಮನೆ ಅಲ್ಲ. ಮುಂಬಯಿಯ ಪಾಯಧುಣಿ, ಉಮರಖಾಡಿಗಳಂತೆ ನಮ್ಮ ಊರುಗಳ ಹೊಲ-ಗದ್ದೆಗಳ ಹೆಸರುಗಳೂ ನೆಲದ ನಿಜವಾದ ಇತಿಹಾಸವನ್ನು ಹೇಳುತ್ತವೆ. ಹೊಸ ಬಡಾವಣೆಯಲ್ಲಿ ನಿವೇಶನವನ್ನು ಕೊಳ್ಳಲು ಹೊರಟ ಕುಟುಂಬವು ಅದರ ಬೆಲೆ, ದಿಕ್ಕು, ರಸ್ತೆಯ ಅಗಲಗಳನ್ನು ವಿಚಾರಿಸುವಂತೆಯೇ ಆ ಜಾಗದ ಹಳೆಯ ಹೆಸರನ್ನೂ ಊರಿನ ಹಿರಿಯರಲ್ಲಿ ವಿಚಾರಿಸಲಿ. ಗ್ರಾಮದ ನಕಾಶೆಯನ್ನು ತೆರೆದು ಅಲ್ಲಿ ಕೆರೆಯಂಗಳವಿತ್ತೆ, ಹಳ್ಳ ಹರಿಯುತ್ತಿತ್ತೆ ಎಂದು ನೋಡಲಿ. ಮಕ್ಕಳು-ಮೊಮ್ಮಕ್ಕಳು ಬಾಳಿ ಬದುಕಬೇಕಾದ ಮನೆಯ ಅಡಿಪಾಯವನ್ನು ಹಾಕುವ ಮೊದಲು ಅಷ್ಟು ತಿಳಿದುಕೊಂಡಿರುವುದು ಎಲ್ಲ ರೀತಿಯಿಂದಲೂ ಕ್ಷೇಮಕರ.